ಸುರಂಗಕ್ಕೆ ದಾರಿ ಹೇಳಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಮೊಬೈಲ್ ಆಟದಲ್ಲಿ ಗುಡಿ ಕಂಡರೂ ಫೋನ್ ಪಕ್ಕಕ್ಕಿಟ್ಟು ಕೈ ಮುಗಿಯುವ ಮನುಷ್ಯ. ಅಷ್ಟರಲ್ಲಿ ಕಾವಲುಗಾರ ಬಂದು ಹೊಡೆದು ಹಾಕಿರುತ್ತಾನೆ, ಆ ಮಾತು ಬೇರೆ. ಇಂಥವರು ಆಟ ಗೆಲ್ಲುವುದು ಹೇಗೆಂದು ಊರಿಗೆಲ್ಲ ಕಲಿಸುವ ವಿಡಿಯೊ ಮಾಡಲು ಹೊರಟರೆಂದರೆ ನಂಬುತ್ತೀರಾ?

ಊರಿಗೆಲ್ಲ ಎಂದದ್ದು ಸುಳ್ಳು. ನೋಡಬೇಕಾದವಳು ಒಬ್ಬಳೇ, ಕುಣಿಗಲ್‌ಗೆ ಕೊಟ್ಟಿರುವ ಅವರ ಮಗಳು. ಹಿಂದಿನ ಸಲ ಅವಳ ಬಸಿರು ನಿಂತಿರಲಿಲ್ಲ. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಲೇಬಾರದು ಎಂದಿದ್ದರು. ಮಲಗಿ ಮಲಗಿ ಬೇಸತ್ತ ಹುಡುಗಿ, ಕೋಟೆ ದಾಟುವ ಆಟವೊಂದನ್ನು ಹಿಡಿದು ಕತ್ತಲ ಸುರಂಗದಲ್ಲಿ ಸಿಕ್ಕಿಕೊಂಡಿದ್ದಳು. ಭಯವಾಗುತ್ತದೆ, ಆಟವೂ ಬೇಡ ಎಂದು ಚಿಕ್ಕಮ್ಮನ ಹತ್ತಿರ ಅತ್ತಳಂತೆ.

"ಬೇಡ ಗೀಡ ಏನಿಲ್ಲ. ನಾನು ದಾಟಿಸ್ತೀನಿ," ಎಂದು ಚಿಕ್ಕಪ್ಪ ಪಣ ತೊಟ್ಟರು.

"ಫೋನ್ ಮಾಡಿ ಹೇಳಿ ಚಿಕ್ಕಪ್ಪ," ಎಂದೆ.

"ಮಗಳ ಹತ್ರ ಫೋನಲ್ಲಿ ಏನ್ಲಾ ಮಾತಾಡೋದು?"

ಅದೂ ನಿಜವೇ. ಅವರ ಫೋನು "ಊಟ ಆಯ್ತಾ, ಮಾತ್ರೆ ತಗಂಡ್ಯಾ, ತಗೋ ನಿಮ್ಮಮ್ಮಂಗೆ ಕೊಡ್ತೀನಿ" ಎಂಬಲ್ಲಿಗೆ ಮುಗಿಯುತ್ತಿತ್ತು. ಹೀಗಾಗಿ ಭಾನುವಾರಗಳಂದು ತುಮಕೂರಿನ ಬಟವಾಡಿಯಿಂದ ಚಿಕ್ಕಪ್ಪನ ಊರು ಗುಬ್ಬಿಗೆ ಹೋಗಿ ರೆಕಾರ್ಡ್ ಒತ್ತುವ ಕೆಲಸ ನನ್ನ ತಲೆಗೆ ಬಂತು.

"ಆಟ ಆಮೇಲೆ. ಮೊದ್ಲು ಮಾತಿನ ಶೈಲಿ ಗೊತ್ತಾಗ್ಬೇಕು ಕಣೋ," ಎಂದರು. ಮೊದಲು ವಾರ್ತೆ ಓದುವವರ ಶೈಲಿ. ಇಸ್ತ್ರಿ ಮಾಡಿದ ಅಂಗಿ ಬೇರೆ! ಮುಖ್ಯಾಂಶಗಳು ಮುಗಿಯುವಷ್ಟರಲ್ಲಿ ಆಟದ ನಾಯಕ ಬಾವಿಗೆ ಬಿದ್ದಿದ್ದ. ಆಮೇಲೆ ನಾಟಕದ ಶೈಲಿ; ಗುಬ್ಬಿಯ ನೀರು ಕುಡಿದ ಮೇಲೆ ಅದಿಲ್ಲದಿದ್ದರೆ ಹೇಗೆ? "ಎಲವೋ ದ್ವಾರಪಾಲಕನೇ, ಹೊರಗೆ ಬಾ" ಎಂದು ಅಬ್ಬರಿಸಿದರು. ಹೊರಗೆ ಬಂದದ್ದು ಪಕ್ಕದ ಮನೆಯವರು, ಜಗಳ ಬಿಡಿಸಲು. ವಿಡಿಯೊ ನೋಡಿದ ಮಗಳು ಬರೆದಳು: "ಅಪ್ಪ, ನಕ್ಕೂ ನಕ್ಕೂ ಹೊಟ್ಟೆ ನೋವು. ಸುರಂಗ ಮಾತ್ರ ದಾಟ್ಲಿಲ್ಲ."

ಚಿಕ್ಕಪ್ಪ ಜಗ್ಗಲಿಲ್ಲ. ಕ್ರಿಕೆಟ್ ಕಾಮೆಂಟರಿಗೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಬೀಗರ ಫೋನು ಬಂತು. ಅವರು ಮನೆಗೆ ಬರುತ್ತಿದ್ದರು, ದಾರಿ ತಪ್ಪಿದ್ದರು.

"ಬಸ್ಸಿಳಿದ್ರಾ? ಹಂಗೇ ಮುಂದಕ್ ಬನ್ನಿ. ಎಡಗಡೆ ಹಿಟ್ಟಿನ ಗಿರಣಿ. ಅಲ್ಲೊಂದು ನಾಯಿ ಐತೆ, ಬೊಗಳುತ್ತೆ ಅಷ್ಟೇ, ಏನೂ ಮಾಡಲ್ಲ. ಮೋರಿ ಅಗೆದವ್ರೆ, ನೋಡ್ಕಂಡು ದಾಟಿ. ದಾಟಿದ ತಕ್ಷಣ ಎಡಗಡೆ ನಾನು ನಿಂತಿರ್ತೀನಿ."

ಓಡಿ ಹೋಗಿ ರಸ್ತೆಯಲ್ಲಿ ನಿಂತರು. ಬೀಗರು ಬಂದೊಡನೆ, "ಬಂದ್ರಾ? ದಾರಿ ಸಿಕ್ತಾ?" ಎಂದರು. ಈಗಷ್ಟೇ ಹೆಜ್ಜೆ ಹೆಜ್ಜೆಗೂ ದಾರಿ ಹೇಳಿದವರು ಇವರೇ!

"ಹಿಂಗೇ ಹೇಳಿ ಚಿಕ್ಕಪ್ಪ," ಎಂದೆ.

"ಇದೂ ಒಂದು ಶೈಲಿನೇನ್ಲಾ?" ಎಂದು ಮುಖ ಸಿಂಡರಿಸಿದರೂ ಹಾಗೇ ಹೇಳಿದರು. "ಕತ್ಲು ಅಷ್ಟೇ, ಏನೂ ಮಾಡಲ್ಲ. ಗೋಡೆ ಹಿಡ್ಕಂಡು ಬಾ." ಮಗಳು ಸುರಂಗ ದಾಟಿದಳು, ಕೋಟೆಯನ್ನೂ ದಾಟಿದಳು.

ಹೇಳಿದ ದಿನಕ್ಕೆ ಮೊದಲೇ ನೋವು ಬಂದು ಅವಳನ್ನು ತುಮಕೂರಿನ ಆಸ್ಪತ್ರೆಗೆ ಕರೆತಂದರು. ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಹತ್ತಿರವಿದ್ದ ನಾನು ಓಡಿದೆ. ಚಿಕ್ಕಪ್ಪ, ಚಿಕ್ಕಮ್ಮ ಇನ್ನೂ ಗುಬ್ಬಿ ಬಸ್ಸಿನಲ್ಲಿದ್ದರು. ನನ್ನ ಫೋನಿನಿಂದ ಚಿಕ್ಕಪ್ಪನಿಗೆ ಹಚ್ಚಿ ಸ್ಪೀಕರಿಗೆ ಹಾಕಿ ಹಿಡಿದೆ. ಸ್ಟ್ರೆಚರ್ ಮೇಲಿಂದ ಅವಳು, "ಅಪ್ಪ, ಭಯ ಆಗ್ತಿದೆ," ಎಂದಳು.

ಫೋನನ್ನು ಈಗ ಚಿಕ್ಕಮ್ಮನಿಗೆ ಕೊಡುತ್ತಾರೆ ಎಂದುಕೊಂಡೆ. ಕೊಡಲಿಲ್ಲ.

"ಮುಂದೆ ಒಂದು ದೊಡ್ಡ ಬಾಗ್ಲು ಬರುತ್ತೆ ಕಣವ್ವ. ಒಳಗೆ ಚಳಿ ಇರುತ್ತೆ. ಮುಖಕ್ಕೆ ಬಟ್ಟೆ ಕಟ್ಕಂಡಿರ್ತಾರೆ, ಕಾವಲುಗಾರರಲ್ಲ, ನಮ್ಮೋರೇ. ಹಂಗೇ ಹೋಗು. ದಾಟಿದ ತಕ್ಷಣ ಎಡಗಡೆ ನಾನು ನಿಂತಿರ್ತೀನಿ."

ಅವಳನ್ನು ಹೊರಗೆ ತಂದಾಗ ಚಿಕ್ಕಪ್ಪ ಬಾಗಿಲ ಎಡಗಡೆಗೇ ನಿಂತಿದ್ದರು. ನರ್ಸ್ ಕೈಯಲ್ಲಿ ಮಗು ಜೋರಾಗಿ ಅಳುತ್ತಿತ್ತು. ಅದನ್ನು ಆಮೇಲೆ ನೋಡಿದರು. ಮೊದಲು ಮಗಳ ಕೈ ಹಿಡಿದುಕೊಂಡು ಕೇಳಿದರು:

"ಬಂದ್ಯಾ ಮಗ್ಳೇ? ದಾರಿ ಸಿಕ್ತಾ?"