ವಸತಿಗೃಹಕ್ಕೆ ಭಾವನ ಸಹಿ

ನಾನು ಬಾಯಿ ಹಾಕಿದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಒಳ್ಳೆಯದೇ ಆಗುತ್ತದೆ ಎಂದು ಮಾತ್ರ ಬರೆದುಕೊಡಲಾರೆ. ನಾನು ನಿಂತು ಮಾತಾಡಿದರೆ ಕಲ್ಯಾಣ ಫಾಸ್ಟ್ ಲೋಕಲ್ ರೈಲು ಕೂಡ ಕೇಳಿಸಿಕೊಳ್ಳಲು ತಾನೆಂದೂ ನಿಲ್ಲದ ಕೋಪರ್ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ಅಂಥ ನನ್ನ ಮಾತಿಗೂ ಜಗ್ಗದವರು ಒಬ್ಬರೇ, ನನ್ನ ಭಾವ.

ಕಲ್ಲು

ಅಕ್ಕ ತೀರಿಕೊಂಡು ಮೂರು ವರ್ಷ. ಡೋಂಬಿವಲಿಯ ಮನೆಯಲ್ಲಿ ಈಗ ಭಾವ ಮತ್ತು ಮಗಳು ಇಬ್ಬರೇ. ಅವಳಿಗೆ ನಾಗಪುರದ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನಕ್ಕೆ ಸೀಟು ಸಿಕ್ಕಿತು. ಸೋಮವಾರದೊಳಗೆ ಫಾರ್ಮಿಗೆ ತಂದೆಯ ಸಹಿ ಬೀಳದಿದ್ದರೆ ಸೀಟು ಹೋದ ಹಾಗೆಯೇ.

"ಮಾವಾ, ಪಪ್ಪಾ ಕೋ ಸಮಝಾವೋ ನಾ!" ಎಂದು ಅಪ್ಪನನ್ನು ಒಪ್ಪಿಸಲು ನನಗೆ ಗಂಟುಬಿದ್ದಳು.

ಐದು ನಿಮಿಷದ ಕೆಲಸ ಎಂದೆ.

ಭಾವ ಇಡ್ಲಿ ತಿನ್ನುತ್ತಿದ್ದರು. "ಅದರಲ್ಲಿ ಎಂತ ಕಲಿಸ್ತಾರೆ?"

"ಕಲ್ಲು, ಮಣ್ಣು, ಬೆಟ್ಟ."

"ಮುಂಬ್ರಾ ಗುಡ್ಡದಲ್ಲಿ ಕಲ್ಲಿಗೆ ಬರಗಾಲವಾ? ದಿನಾ ಲೋಕಲ್ಲಿನಿಂದ ನೋಡ್ಲಿ. ಪಾಸ್ ನಾನು ತೆಗೆಸಿಕೊಡ್ತೇನೆ."

ಪಾಂಡಿತ್ಯ

ಮರುದಿನ ಫಾರ್ಮ್ ಹಿಡಿದು ಹೋದೆ. ಮೇಲೆ ಮರಾಠಿಯಲ್ಲಿ 'ಮುಲೀಂಚೇ ವಸತಿಗೃಹ', ಅಂದರೆ ಹುಡುಗಿಯರ ವಸತಿಗೃಹ, ಎಂದಿತ್ತು. ಭಾವ ಪೆನ್ನು ಕೆಳಗಿಟ್ಟರು. ಥಾಣೆ ರೈಲ್ವೆ ಸ್ಟೇಷನ್ನಿನ ಹತ್ತಿರದ ಲಾಡ್ಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಮ್ಯಾನೇಜರ್ ಅವರು.

"ನನ್ನ ಮಗಳು ವಸತಿಗೃಹದಲ್ಲಿ ಇರುವುದಾ?"

"ಭಾವ, ನಮ್ಮಲ್ಲಿ ವಸತಿಗೃಹ ಅಂದ್ರೆ ಲಾಡ್ಜು. ಮರಾಠಿಯಲ್ಲಿ ಹಾಸ್ಟೆಲ್ಲು. ಮರಾಠಿ ಬೇಕಾದ್ರೆ ನನ್ನನ್ನು ಕೇಳಿ!"

"ಹತ್ತನೇ ಕ್ಲಾಸಿನ ಮರಾಠಿಗೆ ನೀನು ಎಷ್ಟು ಸಲ ಕೂತದ್ದು?"

"ಮೂರೇ ಸಲ."

"ಹಾಸ್ಟೆಲ್ಲಾದ್ರೂ ಲಾಡ್ಜಾದ್ರೂ ಒಳಗಿನಿಂದ ಚಿಲಕ ಹಾಕುವ ಕೋಣೆ ತಾನೇ?" ಎಂದು ಭಾವ ಎದ್ದು ಹೋದರು. ಅವತ್ತಿನ ತಿಂಡಿಯ ಇಡ್ಲಿ ತಟ್ಟೆಯಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ನಾನು ತಿಂದೆ. ಅವತ್ತು ಗೆದ್ದದ್ದು ಅಷ್ಟೇ.

ಹನ್ನೊಂದು ಗಂಟೆ

ಭಾನುವಾರ ಲಾಡ್ಜಿಗೇ ನುಗ್ಗಿದೆ. ಚೆಕ್‌ಔಟ್ ಹನ್ನೆರಡಕ್ಕೆ. ಭಾವ ಹನ್ನೊಂದಕ್ಕೇ ಮಹಡಿ ಹತ್ತಿ ಒಂದೊಂದು ಬಾಗಿಲನ್ನೂ ತಾವೇ ಬಡಿಯುತ್ತಿದ್ದರು.

"ಇದೆಂಥ ಶಿಸ್ತು, ಭಾವ?"

ಅವರು ಮೆಟ್ಟಿಲ ಮೇಲೆ ಕೂತರು. ಎರಡು ವರ್ಷದ ಹಿಂದೆ ಒಬ್ಬಳು ಕಾಲೇಜು ಹುಡುಗಿ ಒಬ್ಬಳೇ ಬಂದು ರೂಮು ತೆಗೆದುಕೊಂಡಿದ್ದಳಂತೆ. ಹನ್ನೆರಡಾದರೂ ಬಾಗಿಲು ತೆರೆಯಲಿಲ್ಲ. ಚಿಲಕ ಮುರಿದು ತೆರೆದವರು ಭಾವ; ಅವಳು ಸತ್ತು ಹೆಚ್ಚು ಹೊತ್ತಾಗಿರಲಿಲ್ಲವಂತೆ.

"ಅವಳ ಅಪ್ಪ ಬಂದ. ಬೈಯಲಿಲ್ಲ, ಅಳಲಿಲ್ಲ. 'ಹನ್ನೊಂದಕ್ಕೆ ಯಾಕೆ ಬಾಗಿಲು ಬಡಿಯಲಿಲ್ಲ?' ಅಂತ ಕೇಳಿದ. ಅಷ್ಟೇ. ಮರುದಿನದಿಂದ ಹನ್ನೊಂದಕ್ಕೇ ಬಡಿಯುತ್ತಿದ್ದೇನೆ ಮಾರಾಯ."

ರೈಲು ನಿಲ್ಲಿಸುವ ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಭಾವ ಎದ್ದು ಮುಂದಿನ ಬಾಗಿಲು ಬಡಿದರು. ಒಳಗಿನಿಂದ ಯಾರೋ ಗಿರಾಕಿ, ಇನ್ನೂ ಬದುಕಿದ್ದೇನೆ ಎಂದು ಕಿರುಚಿದ: "ಅರೇ ಕಾಕಾ, ಜಿಂದಾ ಹೂಂ!"

"ಬಸ್, ಇಷ್ಟೇ ಕೇಳಬೇಕಿತ್ತು" ಎಂದರು ಭಾವ.

ಸಹಿ

ಮನೆಗೆ ಹೋಗಿ ಭಾವನ ಮಗಳಿಗೆ ಎಲ್ಲ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಸಂಜೆ ಭಾವ ಬಂದಾಗ ಅವರ ಎದುರು ಕೂತು, ಮುರುಕು ಕನ್ನಡದಲ್ಲಿ, "ಪಪ್ಪಾ, ನೀವು ಅಲ್ಲಿ ಬಂದು ಬಾಗಿಲು ಬಡಿಲಿಕ್ಕೆ ಆಗಲ್ಲ. ನಾನೇ ಬಡೀತೇನೆ. ರೋಜ್ ಹನ್ನೊಂದಕ್ಕೆ, ಫೋನ್ ಮೇಲೆ" ಎಂದು ಮೇಜನ್ನು ಮೂರು ಸಲ ಕುಟ್ಟಿದಳು. ಟಕ್ ಟಕ್ ಟಕ್.

ಭಾವ ತಾವೂ ಬೆರಳಿನಿಂದ ಮೇಜನ್ನು ಒಮ್ಮೆ ಕುಟ್ಟಿ ನೋಡಿದರು. ಆಮೇಲೆ ಪೆನ್ನು ಕೇಳಿದರು. ಪೆನ್ನು ಕೊಟ್ಟವನು ನಾನು. ಆದ್ದರಿಂದ ಸಹಿ ಮಾಡಿಸಿದವನೂ ನಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ.

ಮಗಳನ್ನು ಹಾಸ್ಟೆಲ್ಲಿಗೆ ಬಿಡಲು ಹೋದಾಗ ಭಾವ ಅಭ್ಯಾಸಬಲದಿಂದ ವಾರ್ಡನ್ನರಿಗೆ, "ಚೆಕ್‌ಔಟ್ ಎಷ್ಟು ಗಂಟೆಗೆ?" ಎಂದರು. ಆಕೆ ತಲೆಯೆತ್ತದೆ, "ಮೂರು ವರ್ಷಕ್ಕೆ" ಎಂದರು.

ಈಗ ದಿನಾ ಹನ್ನೊಂದಕ್ಕೆ ಲಾಡ್ಜಿನ ಮಹಡಿಯಲ್ಲಿ ಭಾವನ ಫೋನು ಟಕ್ ಟಕ್ ಎನ್ನುತ್ತದೆ. ಮೊನ್ನೆ ನಾನೂ ಜೊತೆಗಿದ್ದೆ. ಸದ್ದು ಬೇರೆ ಥರ ಗಟ್ಟಿಯಾಗಿತ್ತು. ಭಾವನ ಮುಖ ಬಿಳಿಚಿತು.

"ಎಂತದು ಬಡಿದದ್ದು?"

"ಕಲ್ಲು, ಪಪ್ಪಾ! ಲ್ಯಾಬಲ್ಲಿ ಇದ್ದೇನೆ. ಬಸಾಲ್ಟ್."

"ಮುಂಬ್ರಾ ಗುಡ್ಡದ್ದು ಯಾವ ಜಾತಿ?"

"...ಅದೂ ಇದೇ, ಪಪ್ಪಾ."

ಭಾವ ಫೋನನ್ನು ಎದೆಗೆ ಒತ್ತಿಕೊಂಡು ನನ್ನತ್ತ ತಿರುಗಿದರು. ಎರಡು ವರ್ಷದಲ್ಲಿ ಮೊದಲ ಸಲ ಅವರ ಹಲ್ಲು ಕಂಡೆ.

"ನಾನು ಅವತ್ತೇ ಹೇಳಿರಲಿಲ್ವಾ?"