ಗಟ್ಟಿಯಲ್ಲದ ಡಬ್ಬವೊಂದು ಬೇಕಾಗಿತ್ತು

ಗಂಡ: ಗಟ್ಟಿಯಾದ್ದು ಬೇಡ ಅಂತ ಆಗಿನಿಂದ ಹೇಳ್ತಾ ಇದ್ದೀನಲ್ಲಮ್ಮ. ಇದಕ್ಕಿಂತ ಕಳಪೆ ಡಬ್ಬ ಇಲ್ವಾ?

ಅಂಗಡಿಯಾಕೆ: ಕಳಪೆ ಬೇಕಾದ್ರೆ ಬೇರೆ ಕಡೆ ಹೋಗಿ. ಇಲ್ಲಿ ಡಬ್ಬ ಮಾತ್ರ ಮಾರ್ತೀವಿ.

(ಅಂಗಡಿಯ ತುಂಬ ಡಬ್ಬಗಳು. ರಟ್ಟಿನವು, ತಗಡಿನವು, ಮರದವು, ನೆಲದಿಂದ ಸೂರಿನವರೆಗೆ. ನಡುವೆ ಒಂದು ಮೇಜು, ಮೇಜಿನ ಹಿಂದೆ ಅರವತ್ತು ದಾಟಿದ ಅಂಗಡಿಯಾಕೆ, ಕೈಯಲ್ಲಿ ಕತ್ತರಿ. ಎದುರಿಗೆ ಗಂಡ ಹೆಂಡತಿ. ಹೆಂಡತಿ ಒಂದು ದೊಡ್ಡ ಬಟ್ಟೆಚೀಲದ ಬಾಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಾಳೆ.)

ಅಂಗಡಿಯಾಕೆ: ಅದರಲ್ಲಿ ಏನು ಇಡ್ತೀರಿ, ಅದನ್ನ ಹೇಳಿ.

ಗಂಡ: ಪಿಂಗಾಣಿ ಹೂದಾನಿ.

ಅಂಗಡಿಯಾಕೆ: ಪಿಂಗಾಣಿಗೆ ಐದು ಪದರದ ರಟ್ಟು.

ಗಂಡ: ಒಂದು ಪದರದ್ದು?

ಅಂಗಡಿಯಾಕೆ: ಒಂದೇ ಪದರ ಇದ್ರೆ ಅದಕ್ಕೆ ಕಾಗದ ಅಂತಾರೆ.

ಗಂಡ: ಆ ಬಿಳೀ ಡಬ್ಬ?

ಅಂಗಡಿಯಾಕೆ: ಕೇಕಿನದು. ಅದರ ಆಯುಸ್ಸು ಬೇಕರಿಯಿಂದ ನಿಮ್ಮನೆ ಮೇಜಿನವರೆಗೆ. ಸ್ವಲ್ಪ ಅದುಮಿದ್ರೆ ಕೂತ್ಕೊಂಡುಬಿಡುತ್ತೆ.

ಗಂಡ: ಅದೇ, ಅದೇ ಕೊಡಿ.

ಹೆಂಡತಿ: ಕೇಕ್ ಡಬ್ಬದಲ್ಲಿ ಹೂದಾನಿ ಕಳಿಸಿದ್ರೆ ನಿಮ್ಮ ತಮ್ಮನಿಗೂ ಅನುಮಾನ ಬರುತ್ತೆ. ಅವನಿಗೇ ಬರುತ್ತೆ ಅಂದ್ರೆ ನೀವೇ ಲೆಕ್ಕ ಹಾಕಿ.

ಗಂಡ: ಹಾಗಾದ್ರೆ ಆ ತೂತಿರೋದು.

ಅಂಗಡಿಯಾಕೆ: ಹಣ್ಣಿನ ಡಬ್ಬ. ಹಣ್ಣು ಉಸಿರಾಡಬೇಕು, ಅದಕ್ಕೆ ತೂತು. ನಿಮ್ಮ ಹೂದಾನಿ ಉಸಿರಾಡುತ್ತಾ?

ಹೆಂಡತಿ: ಎಲ್ಲಿ, ಆಗಲೇ ನಿಂತುಹೋಗಿದೆ.

(ಗಂಡ ಕೆಮ್ಮುತ್ತಾನೆ. ಕೆಮ್ಮು ಬರುವುದಕ್ಕೆ ತುಸು ತಡವಾಯಿತು.)

ಗಂಡ: ಚಪ್ಪಲಿ ಡಬ್ಬ ಹೇಗೆ?

ಅಂಗಡಿಯಾಕೆ: ಚಪ್ಪಲಿ ಸವೆದುಹೋದ್ರೂ ಅದು ಉಳಿಯುತ್ತೆ. ಹಳೇ ಫೋಟೋ, ತುಂಡು ವೈರು, ಯಾವ ಬೀಗದ್ದೋ ಬೀಗದಕೈ, ಎಲ್ಲ ಅದರೊಳಗೇ ಹೋಗೋದು. ಒಳಗೆ ಹೋದದ್ದನ್ನ ಆಮೇಲೆ ಯಾರೂ ಹುಡುಕಲ್ಲ.

ಗಂಡ (ಆಸೆಯಿಂದ): ಯಾರೂ ಹುಡುಕಲ್ವಾ?

ಹೆಂಡತಿ: ನಿಮ್ಮಮ್ಮನ ಹೂದಾನಿ ಕಣ್ರೀ ಅದು. ನಿಮ್ಮ ಅಕ್ಕ ಭೂಮಿ ಅಗೆದಾದ್ರೂ ಹುಡುಕ್ತಾರೆ.

ಅಂಗಡಿಯಾಕೆ: ನೋಡಿ, ವಸ್ತು ನೋಡದೆ ನಾನು ಡಬ್ಬ ಕೊಡೋಳಲ್ಲ. ಏನು ನಡೆದಿದೆ ಹೇಳಿ, ಇಲ್ಲಾಂದ್ರೆ ಬಾಗಿಲು ಆ ಕಡೆ ಇದೆ.

ಹೆಂಡತಿ: ನಾನೇ ಹೇಳ್ತೀನಿ. ಅತ್ತೆ ಹೋದಮೇಲೆ ಈ ಹೂದಾನಿಗೆ ಮೂರು ಜನ ಮಕ್ಕಳೂ ಕಿತ್ತಾಡಿದ್ರು. ಕೊನೆಗೆ ಒಬ್ಬೊಬ್ಬರ ಮನೇಲಿ ಒಂದೊಂದು ವರ್ಷ ಅಂತ ಮಾತಾಯ್ತು. ಇವರ ಅಕ್ಕನ ವರ್ಷ ಮುಗೀತು, ಡಬ್ಬ ಕಟ್ಟಿ ಗಾಡಿಯವನ ಕೈಲಿ ಕಳಿಸಿದ್ರು. ಇವರು ಅದನ್ನ ನಮ್ಮನೆ ಮೆಟ್ಟಿಲ ಮೇಲೆ ಬೀಳಿಸಿದ್ರು.

ಗಂಡ: ಬೀಳಿಸಲಿಲ್ಲ. ಜಾರಿತು.

ಹೆಂಡತಿ: ತಾನಾಗಿ ಜಾರೋಕೆ ಅದಕ್ಕೇನು ಕಾಲಿತ್ತಾ?

ಗಂಡ: ಅಮ್ಮಾ, ಚಿಕ್ಕಂದಿನಿಂದ ಮನೇಲಿ ನನ್ನ ಹೆಸರೇ ‘ಒಡಕ’. ಯಾರು ಏನು ಒಡೆದ್ರೂ ನನ್ನ ತಲೆಗೇ. ಭಾನುವಾರ ಅಕ್ಕ, ಭಾವ ಬರ್ತಾರೆ, ಹೂದಾನಿ ಎಲ್ಲಿಟ್ಟಿದ್ದೀವಿ ನೋಡೋಕೆ. ಇದೂ ನನ್ನ ಕೈಲೇ ಹೋಯ್ತು ಅಂದ್ರೆ ಸಾಯೋವರೆಗೂ ಆಡ್ಕೋತಾರೆ. ಅದಕ್ಕೇ, ‘ನನ್ನ ಸರದಿಯೂ ನೀನೇ ಇಟ್ಕೋ’ ಅಂತ ತಮ್ಮನಿಗೆ ಇವತ್ತೇ ಕಳಿಸಿಬಿಟ್ರೆ, ದಾರೀಲಿ ಒಡೀತು ಅಂತಾಗುತ್ತೆ. ಡಬ್ಬದ ತಪ್ಪು.

ಅಂಗಡಿಯಾಕೆ: ಡಬ್ಬದ ತಪ್ಪು.

ಗಂಡ: ಡಬ್ಬಕ್ಕೇನು, ಮಾನವೇ ಮರ್ಯಾದೆಯೇ?

(ಅಂಗಡಿಯಾಕೆ ಕತ್ತರಿಯನ್ನು ಮೇಜಿನ ಮೇಲಿಡುತ್ತಾಳೆ. ಬುದ್ಧಿಯಿದ್ದವನು ಆ ಸದ್ದಿಗೇ ಹೊರಟುಬಿಡುತ್ತಿದ್ದ.)

ಗಂಡ: ನಿಮ್ಮ ಡಬ್ಬ ಅಂತಲ್ಲಮ್ಮ, ಎಲ್ಲ ಡಬ್ಬವೂ ಅಷ್ಟೇ. ಅಕ್ಕ ಕಳಿಸಿದ್ದೂ ಐದು ಪದರದ್ದೇ. ನಾಲ್ಕು ಮೆಟ್ಟಿಲು ಉರುಳಿದ್ದಕ್ಕೆ ಒಳಗೆಲ್ಲ ಚೂರುಚೂರು.

ಅಂಗಡಿಯಾಕೆ: ಹೊರಗೆ ತೆಗೀರಿ ಅದನ್ನ.

(ಹೆಂಡತಿ ಚೀಲದಿಂದ ಡಬ್ಬವನ್ನು ತೆಗೆದಿಡುತ್ತಾಳೆ. ಅಂಗಡಿಯಾಕೆ ಮೂಲೆಗಳನ್ನು ಮುಟ್ಟಿ ನೋಡುತ್ತಾಳೆ, ಪಕ್ಕಕ್ಕೆ ಬಿಗಿದ ಹುರಿಯ ಗಂಟನ್ನು ನೋಡುತ್ತಾಳೆ, ಹುರಿ ಸರಿಸಿ ಮುಚ್ಚಳ ಎತ್ತುತ್ತಾಳೆ. ಒಳಗೆ ಕಾಗದದ ಪೊಟ್ಟಣಗಳು, ಒಂದರ ಪಕ್ಕ ಒಂದು.)

ಅಂಗಡಿಯಾಕೆ: ಈ ಗಂಟು ನನ್ನದು. ಪಕ್ಕಕ್ಕೆ ಗಂಟು ಹಾಕೋಳು ಈ ಪೇಟೇಲಿ ನಾನೊಬ್ಬಳೇ.

ಗಂಡ: ನೋಡಿದ್ರಾ? ಕೈಕೊಟ್ಟಿದ್ದು ನಿಮ್ಮ ಡಬ್ಬವೇ.

ಅಂಗಡಿಯಾಕೆ: ಈ ಚೂರುಗಳಿಗೆ ಕಾಗದ ಸುತ್ತಿದ್ದು ಯಾರು?

ಗಂಡ: ಬಂದಿದ್ದೇ ಹಾಗೆ. ಎರಡು ಬಿಡಿಸಿ ನೋಡಿದೆ, ಎರಡರಲ್ಲೂ ಚೂರು. ಉಳಿದದ್ದು ಮುಟ್ಟೋಕೆ ಧೈರ್ಯ ಬರಲಿಲ್ಲ.

ಅಂಗಡಿಯಾಕೆ: ಹೂದಾನಿ ಒಡೆದದ್ದು ನಿಮ್ಮ ಮೆಟ್ಟಿಲ ಮೇಲೆ.

ಗಂಡ: ಹೌದು.

ಅಂಗಡಿಯಾಕೆ: ಒಡೆದ ಮೇಲೆ ಚೂರುಗಳೆಲ್ಲ ಎದ್ದು, ಒಂದೊಂದಾಗಿ ಕಾಗದ ಹೊದ್ಕೊಂಡು ಮಲಗಿದವು.

(ಹೆಂಡತಿ ಡಬ್ಬದೊಳಗೆ ನೋಡುತ್ತಾಳೆ, ಆಮೇಲೆ ಗಂಡನನ್ನು ನೋಡುತ್ತಾಳೆ. ಎರಡರಲ್ಲಿ ಡಬ್ಬದೊಳಗೇ ಹೆಚ್ಚು ಸರಕಿದೆ ಎನ್ನುವಂತೆ ಮತ್ತೆ ಡಬ್ಬವನ್ನೇ ನೋಡುತ್ತಾಳೆ.)

ಹೆಂಡತಿ: ಈ ಕಾಗದದ ವಿಷಯ ನನಗೆ ಹೇಳಲೇ ಇಲ್ವಲ್ರೀ.

ಗಂಡ: ಅಕ್ಕ ಯಾವಾಗಲೂ ಅಚ್ಚುಕಟ್ಟು ಅಂದ್ಕೊಂಡೆ.

ಅಂಗಡಿಯಾಕೆ: ಸುತ್ತಿದ್ದು ನಾನು. ಹೋದ ವಾರ ಒಬ್ಬಾಕೆ ಈ ಚೂರುಗಳನ್ನ ತಂದಿದ್ರು.

ಹೆಂಡತಿ: ಮಾತಿಗೊಂದು ಸಲ ಕನ್ನಡಕ ತೆಗೆದು ಒರೆಸ್ತಾರಾ?

ಅಂಗಡಿಯಾಕೆ: ಒರೆಸಿ ಒರೆಸಿ ಸವೆಸಿಬಿಟ್ಟಿದ್ದಾರೆ. ಒಡೆದದ್ದಕ್ಕೆ ಇಷ್ಟು ಗಟ್ಟಿ ಡಬ್ಬ ಯಾಕಮ್ಮ ಅಂದೆ. ‘ತಲುಪೋವರೆಗೆ ಒಳಗೆ ಸದ್ದಾಗಬಾರದು. ತಲುಪಿದ ಮೇಲೆ ಚಿಂತೆಯಿಲ್ಲ, ಇಳಿಸ್ಕೊಳ್ಳೋನು ನನ್ನ ತಮ್ಮ’ ಅಂದ್ರು.

(ಗಂಡ ಹತ್ತಿರವಿದ್ದ ಮರದ ಪೆಟ್ಟಿಗೆಯ ಮೇಲೆ ಕೂತುಬಿಡುತ್ತಾನೆ. ತುಸು ಹೊತ್ತಿಗೆ ಅವನ ಮುಖ ಅರಳತೊಡಗುತ್ತದೆ.)

ಗಂಡ: ಅಂದ್ರೆ, ನಾನು ಒಡೆದಿಲ್ಲ.

ಹೆಂಡತಿ: ರೀ, ನಿಮ್ಮ ಅಕ್ಕ ಬೇಕಂತಲೇ ನಿಮ್ಮ ತಲೆಗೆ ಕಟ್ಟಿದ್ದಾರೆ. ಕೋಪ ಬರಲ್ವಾ ನಿಮಗೆ?

ಗಂಡ: ತಾಳೇ, ಬರುತ್ತೆ. ಒಡೆಯದೇ ಇರೋದು ಹೇಗಿರುತ್ತೆ ಅಂತ ಸ್ವಲ್ಪ ನೋಡ್ತೀನಿ.

(ನೋಡಿಯಾದ ಮೇಲೆ ಎದ್ದು ನಿಲ್ಲುತ್ತಾನೆ.)

ಗಂಡ: ಅಮ್ಮಾ, ಹೊಸ ಡಬ್ಬ ಬೇಡ. ಇದನ್ನೇ ಮೊದಲಿದ್ದ ಹಾಗೆ ಕಟ್ಟಿಕೊಡಿ. ಭಾನುವಾರ ತಮ್ಮನನ್ನೂ ಕರೆಸ್ತೀನಿ. ಎಲ್ಲರೂ ಕೂತ ಮೇಲೆ ಡಬ್ಬ ಅಕ್ಕನ ತೊಡೆ ಮೇಲಿಡ್ತೀನಿ. ‘ಇನ್ನೂ ಬಿಚ್ಚಿಲ್ಲ ಅಕ್ಕ, ನನ್ನ ಕೈ ಗೊತ್ತಲ್ಲ, ನೀನೇ ಬಿಚ್ಚು’ ಅಂತೀನಿ. ಒಂದೊಂದೇ ಕಾಗದ ಬಿಡಿಸಲಿ, ಎಲ್ಲರೂ ನೋಡ್ತಾ ಇರಲಿ.

ಹೆಂಡತಿ: ಮದುವೆಯಾದಾಗಿನಿಂದ ನಿಮಗೆ ಹೊಳೆದ ಮೊದಲನೇ ಯೋಚನೆ ಇದು. ತಡವಾದ್ರೂ ಚೆನ್ನಾಗಿದೆ.

(ಅಂಗಡಿಯಾಕೆ ಬಿಡಿಸಿದ ಎರಡು ಚೂರುಗಳನ್ನು ಮತ್ತೆ ಸುತ್ತಿ, ಹುರಿ ಎಳೆದು, ಪಕ್ಕಕ್ಕೆ ಗಂಟು ಬಿಗಿಯುತ್ತಾಳೆ. ಗಂಡ ಡಬ್ಬವನ್ನು ಎರಡೂ ಕೈಗಳಿಂದ ಎತ್ತಿಕೊಂಡು, ತಲೆ ಎತ್ತಿ, ನಿರಪರಾಧಿಯ ನಡಿಗೆಯಲ್ಲಿ ಹೊರಡುತ್ತಾನೆ. ತಲೆ ಎತ್ತಿದವನಿಗೆ ಹೊಸ್ತಿಲು ಕಾಣಲಿಲ್ಲ. ಡಬ್ಬ ಕೈತಪ್ಪಿ ಅಂಗಡಿಯ ಮೆಟ್ಟಿಲುಗಳ ಮೇಲೆ ಉರುಳುತ್ತ ಬೀದಿಗಿಳಿದು ನಿಲ್ಲುತ್ತದೆ. ಒಳಗಿಂದ ಒಂದು ಸದ್ದೂ ಇಲ್ಲ. ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಾಳೆ.)

ಗಂಡ: ಜಾರಿತು.

ಅಂಗಡಿಯಾಕೆ (ತಲೆ ಎತ್ತದೆ): ಎತ್ಕೊಂಡು ನಡೀರಿ. ನನ್ನ ಡಬ್ಬದಲ್ಲಿ ಇಟ್ಟದ್ದು ಇಟ್ಟ ಹಾಗೇ ಇರುತ್ತೆ.