ಯಾಟಿನ ಕೆಲಸಕ್ಕೆ ಹಿರಿಯರ ಜೊತೆ

ನಮ್ಮ ಯಾದಗಿರಿ ಕಡೆ ಯಾರೂ ಒಬ್ಬರೇ ಕೆಲಸ ಕೇಳಲು ಹೋಗುವುದಿಲ್ಲ. ಸೀರೆ ಕೊಳ್ಳಲು ಮನೆಮಂದಿ, ಎಮ್ಮೆ ಕೊಳ್ಳಲು ಓಣಿಮಂದಿ ಹೊರಡುವ ನಾವು, ಅನ್ನದ ಪ್ರಶ್ನೆ ಬಂದಾಗ ಒಂಟಿಯಾಗಿ ಹೋಗುವುದುಂಟೇ? ಜೊತೆಗೆ ಒಬ್ಬ ಹಿರಿಯ ಬೇಕೇ ಬೇಕು. ಆತ ಮಾತಾಡಬೇಕು, ಕೆಲಸ ಬೇಕಾದವರು ಹಿಂದೆ ತಲೆ ತಗ್ಗಿಸಿ ನಿಲ್ಲಬೇಕು. ನಾನೊಬ್ಬ ಗುಮಾಸ್ತ. ಕಚೇರಿಯಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದ ಕಾರಣ, ಇಂಥ ಹಿರಿತನ ಎಲ್ಲಿ ಸಿಕ್ಕರೂ ಬಿಡುವವನಲ್ಲ.

ಹೀಗಿರುವಾಗ ನನ್ನ ಹೆಂಡತಿಯ ತಂಗಿ, ಸುರಪುರದ ಶೋಭಾ, ಶಹಾಪುರದ ಹೋಟೆಲಿನ ಕೆಲಸ ಬಿಟ್ಟು ನಮ್ಮ ಮನೆಗೆ ಬಂದಳು. "ಮಾಮಾ, ನಾ ಯಾಟ್ ಮ್ಯಾಲ ಕೆಲಸಕ್ಕ ಹೊಂಟೀನ್ರಿ" ಎಂದಳು. ಯಾಟ್ ಎಂದರೆ ಸಾಹುಕಾರರು ಸಮುದ್ರದ ಹವಾ ತಿನ್ನಲು ಇಟ್ಟುಕೊಂಡ ಖಾಸಗಿ ಹಡಗು. ನನಗೆ ಗೊತ್ತಿದ್ದ ಸಮುದ್ರವೆಂದರೆ ನಮ್ಮ ಪಕ್ಕದ ಹಳ್ಳಿ ರಾಮಸಮುದ್ರ ಒಂದೇ. ಅಲ್ಲಿ ತೊಗರಿ ಬೆಳೆಯುತ್ತಾರೆ. ಹುಡುಗಿ ಮಾತ್ರ ಎಲ್ಲ ವಿಚಾರಿಸಿಕೊಂಡಿದ್ದಳು. ಬಾವಿಯಲ್ಲಿ ಈಜು ಕಲಿತಿದ್ದವಳು, ಹಡಗಿಗೆ ಬೆಂಕಿ ಹತ್ತಿದರೆ, ನೀರಿಗೆ ಬಿದ್ದರೆ ಏನು ಮಾಡಬೇಕೆಂಬ ತರಬೇತಿಯನ್ನು ಮುಂಬೈಗೆ ಹೋಗಿ ಮುಗಿಸಿದ್ದಳು. ಡಾಕ್ಟರರ ಸರ್ಟಿಫಿಕೇಟೂ ಇತ್ತು. ಉಳಿದದ್ದು ಇಷ್ಟೇ: ಬೆಳಿಗ್ಗೆ ಗೋವಾದ ಬಂದರಿಗೆ ಹೋಗಿ, ಒಂದೊಂದೇ ಯಾಟಿನ ಮುಂದೆ ನಿಂತು, ಇವತ್ತು ಕೆಲಸವಿದೆಯೇ ಎಂದು ಕೇಳುವುದು. ತೊಳೆಯಲು, ಒರೆಸಲು ಒಂದು ದಿನದ ಮಟ್ಟಿಗೆ ಕರೆಯುತ್ತಾರೆ. ಕೆಲಸ ಹಿಡಿಸಿದರೆ ಇಟ್ಟುಕೊಳ್ಳುತ್ತಾರೆ.

"ಛೇ, ಬಾಗಿಲಿಂದ ಬಾಗಿಲಿಗೆ ತಿರಗೋದೇನು? ಎಲ್ಲ್ಯಾರ ವಶೀಲಿ ಹಚ್ಚೂಣು" ಎಂದೆ.

"ಸಮುದ್ರದಾಗ ನಿಮ್ಮ ವಶೀಲಿಯವ್ರು ಯಾರದಾರ್ರಿ? ಮೀನಾ?" ಎಂದಳು ಹೆಂಡತಿ, ಅಡುಗೆಮನೆಯಿಂದಲೇ.

ಶೋಭಾ ನಗಲಿಲ್ಲ. "ಹೋಟೆಲ್ ಮಾಲಕ ಮತ್ತ ಒಳಗ ಕಾಲಿಡಬ್ಯಾಡ ಅಂದಾನ್ರಿ. ಇದೂ ಆಗಲಿಲ್ಲಂದ್ರ ಕಡೇಚೂರು ಫ್ಯಾಕ್ಟರಿ ಕ್ಯಾಂಟೀನೇ ಗತಿ. ನಂಗ ಸಮುದ್ರಾನೇ ಬೇಕು ಮಾಮಾ." ಇಸ್ತ್ರಿ ಅಂಗಿ ತೊಟ್ಟು, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಆಕೆಯ ಜೊತೆ ಗೋವಾಕ್ಕೆ ಹೊರಟೇಬಿಟ್ಟೆ. ಬೇಡವೆನ್ನಲು ಪಾಪ, ಆಕೆಗೆ ದಾಕ್ಷಿಣ್ಯ.

ಮೊದಲ ಯಾಟಿನ ಕ್ಯಾಪ್ಟನ್ ಎದುರಿಗೇ ನಿಂತಿದ್ದ. ಶೋಭಾ ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದೆ ನುಗ್ಗಿ, ನಮ್ಮ ಕಡೆಯ ಹಿಂದಿಯಲ್ಲಿ, ಹುಡುಗಿ ಮರ್ಯಾದಸ್ಥರ ಮನೆಯವಳು, ಎದುರು ಮಾತಾಡುವವಳಲ್ಲ, ಇವಳಪ್ಪ ಪ್ರತಿವರ್ಷ ಅಬ್ಬೆತುಮಕೂರು ಜಾತ್ರೆಗೆ ನಡೆದೇ ಹೋಗುತ್ತಾರೆ ಎಂದೆಲ್ಲ ಹೇಳಿದೆ. ಕೆಲಸ ಬೇಕಾದದ್ದು ಯಾರಿಗೆ ಎಂದು ಆತ ಕೇಳಿದ. ಈಕೆಗೆ ಎಂದೆ. ಹಾಗಾದರೆ ಈಕೆಗೆ ಬಾಯಿಲ್ಲವೇ ಎಂದ. ಹಿರಿಯರ ಮುಂದೆ ತೆರೆಯುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ಒಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ. ಮುಂದಿನ ಯಾಟುಗಳಲ್ಲೂ ಇದೇ ಹಾಡು. ಒಬ್ಬನನ್ನಂತೂ, ನಿಮ್ಮ ಊರು ಯಾವುದು, ಮಕ್ಕಳೆಷ್ಟು, ಹುಡುಗಿಗೆ ಊಟಕ್ಕೆ ಏನು ಹಾಕುತ್ತೀರಿ ಎಂದು ನಾನೇ ಸಂದರ್ಶನ ಮಾಡಿಬಿಟ್ಟೆ.

ಶೋಭಾಳ ಕಣ್ಣು ತುಂಬಿದ್ದವು. "ಮಾಮಾ, ಸಿಟ್ಟಾಗಬ್ಯಾಡ್ರಿ. ಈ ಚಹಾದಂಗಡ್ಯಾಗ ಕೂಡ್ರಿ. ನಾ ಬರೋತನ ಏಳಬ್ಯಾಡ್ರಿ."

ನನಗೆ ಭಾರೀ ಅವಮಾನವಾಯಿತು. ಕೂತೆ. ಸಿಟ್ಟಿಗೆ ಅರ್ಧ ಬುತ್ತಿ ಖಾಲಿ ಮಾಡಿದೆ. ಕತ್ತು ಉದ್ದ ಮಾಡಿ ನೋಡಿದರೆ, ನನ್ನ ಮುಂದೆ ಪಿಟ್ಟೆನ್ನದ ಹುಡುಗಿ ಅಲ್ಲಿ ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು! ನಮ್ಮ ಮನೆ ಹೊಸ್ತಿಲಲ್ಲಿ ಮಾಡುವ ಹಾಗೆಯೇ ಚಪ್ಪಲಿ ಕಳಚಿಟ್ಟು ಯಾಟು ಹತ್ತಿಯೇಬಿಟ್ಟಳು. ಸಂಜೆ ಬಂದಾಗ ಹಿತ್ತಾಳೆ ತಿಕ್ಕಿ ತಿಕ್ಕಿ ಕೈ ಕಪ್ಪಾಗಿದ್ದವು. "ನಾಳಿನೂ ಬಾ ಅಂದಾರ್ರಿ!" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಕೆಲವೇ ದಿನಗಳಲ್ಲಿ ಕಾಯಂ ಇಟ್ಟುಕೊಂಡರು. ನಾನು ಖುಷಿಯಲ್ಲಿ ಚಹಾದಂಗಡಿಯವನಿಗೂ ಸುದ್ದಿ ಹೇಳಿ ಊರಿಗೆ ಮರಳಿದೆ.

ಈಗ ಓಣಿಯಲ್ಲಿ ಯಾಟಿನ ವಿಷಯಕ್ಕೆ ನಾನೇ ಪಂಡಿತ. ಮೊನ್ನೆ ಪಕ್ಕದ ಮನೆಯ ರೇಷ್ಮಾ ದಾರಿ ಕೇಳಲು ಬಂದಳು. ಈಜು, ತರಬೇತಿ, ಬೆಳಗಿನ ಬಂದರು ಎಲ್ಲ ವಿವರಿಸಿ, "ಮುಖ್ಯ ಮಾತಂದ್ರ, ಹಿರಿಯಾರನ್ನ ಕರ್ಕೊಂಡು ಹೋಗಬ್ಯಾಡ. ಒಬ್ಬಾಕಿನೇ ಹೋಗಬೇಕು" ಎಂದೆ.

"ಒಬ್ಬಾಕಿ ಹ್ಯಾಂಗ ಹೋಗ್ಲಿ ಚಾಚಾ? ಹೆದರಿಕಿ ಆಗ್ತದ್ರಿ" ಎಂದಳು.

"ಏ, ಹೆದರಬ್ಯಾಡವಾ," ಎಂದೆ. "ಒಬ್ಬಾಕಿನೇ ಹ್ಯಾಂಗ ಹೋಗಬೇಕಂತ ತೋರಿಸಾಕ ನಾ ಜೋಡಿ ಬರ್ತೀನಿ."